ಕಾಲೊರೆಸೇ ಟಾಯ್ಲೆಟ್ ಆದಾಗ

ಹೋದ ತಿಂಗಳು ಬನಶಂಕರಿಯ ದಂಪತಿ ಒಂಬತ್ತು ವಾರದ ಲ್ಯಾಬ್ರಡಾರ್ ಮರಿಯನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಬಂದಿದ್ದರು. ಮನೆ ಇರುವುದು ಮೂರನೇ ಮಹಡಿಯಲ್ಲಿ. "ಡಾಕ್ಟ್ರೇ, ಬಾಲ್ಕನಿಗೆ ಬಿಟ್ಟರೆ ಅರ್ಧ ಗಂಟೆ ಸುಮ್ನೆ ಕೂತಿರುತ್ತೆ. ಒಳಗೆ ಬಂದ ತಕ್ಷಣ ಕಾಲೊರೆಸಿನ ಮೇಲೆ ಉಚ್ಚೆ. ಬೇಕಂತಲೇ ಮಾಡುತ್ತೆ ಅಲ್ವಾ?"

ಅಷ್ಟೆಲ್ಲ ಲೆಕ್ಕಾಚಾರ ಆ ವಯಸ್ಸಿಗೆ ಇರುವುದಿಲ್ಲ. ಮರಿ ತಂದ ಜಾಗದಲ್ಲಿ ಅದಕ್ಕೆ ಏನು ಹಾಸಿದ್ದರು ಅಂತ ಕೇಳಿದೆ. "ಹಳೇ ಬೆಡ್‌ಶೀಟು, ಗೋಣಿಚೀಲ." ಅಲ್ಲೇ ಇತ್ತು ಉತ್ತರ. ಕಾಲಿಗೆ ಏನು ತಾಕಿದರೆ ಉಚ್ಚೆ ಹೊಯ್ಯಬೇಕು ಅನ್ನುವುದನ್ನು ಮರಿಗಳು ಎಂಟು-ಒಂಬತ್ತು ವಾರಕ್ಕೆಲ್ಲ ರೂಢಿ ಮಾಡಿಕೊಂಡಿರುತ್ತವೆ. ಈ ಮರಿಯ ಪಾಲಿಗೆ ಬಟ್ಟೆಯೇ ಟಾಯ್ಲೆಟ್. ಬಾಲ್ಕನಿಯ ಟೈಲ್ಸ್ ಬರೀ ನೆಲ.

ಹಾಗಾಗಿ ಕಾಲೊರೆಸುಗಳನ್ನೆಲ್ಲ ಸ್ವಲ್ಪ ದಿನ ಎತ್ತಿಡಿ ಅಂದೆ. ಬಾಲ್ಕನಿಯಲ್ಲಿ ಒಂದು ಅಗಲವಾದ ಟ್ರೇ, ಅದರಲ್ಲಿ ನರ್ಸರಿಯಿಂದ ತಂದ ಮಣ್ಣು. ಉಚ್ಚೆ ಒರೆಸಿದ ಬಟ್ಟೆಯ ಚೂರೊಂದನ್ನು ಮೊದಲೆರಡು ದಿನ ಅದರ ಮೇಲಿಡಬೇಕು. ವಾಸನೆ ಅದಕ್ಕೆ ದಾರಿ ತೋರಿಸುತ್ತದೆ. ನ್ಯೂಸ್‌ಪೇಪರ್ ನನಗೆ ಅಷ್ಟು ಇಷ್ಟವಿಲ್ಲ. ಪೇಪರ್ ಮೇಲೆ ಕಲಿತ ನಾಯಿ, ತಾತ ಓದಿ ಕೆಳಗಿಟ್ಟ ಪೇಪರನ್ನೂ ಬಿಡುವುದಿಲ್ಲ.

ಬೀದಿಗೇ ಕರೆದುಕೊಂಡು ಹೋಗೋಣ ಅಂತ ಅನೇಕರಿಗೆ ಅನಿಸುತ್ತದೆ. ಲಸಿಕೆ ಪೂರ್ತಿಯಾಗುವ ತನಕ ಬೇಡ. ಮರಿಗಳಿಗೆ ವಾಂತಿ-ಭೇದಿ ತಂದು ಪ್ರಾಣಕ್ಕೇ ಎರವಾಗಬಲ್ಲ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯವಾಗಿ 16 ವಾರದ ಹೊತ್ತಿಗೆ ಕೊನೆಯ ಡೋಸ್ ಆಗುತ್ತದೆ. ಅದಾಗಿ ಎರಡು ವಾರ ಕಳೆಯಲಿ.

ಇನ್ನು ಹೊತ್ತಿನ ವಿಷಯ. ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಹತ್ತು-ಇಪ್ಪತ್ತು ನಿಮಿಷಕ್ಕೆ, ಜೋರಾಗಿ ಆಡಿದ ಮೇಲೆ ಮರಿಯನ್ನು ಟ್ರೇ ಹತ್ತಿರ ಎತ್ತಿಕೊಂಡು ಹೋಗಬೇಕು. ಮಿಕ್ಕ ಹೊತ್ತಲ್ಲಿ ಗಂಟೆಗೊಮ್ಮೆ. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ಬಿಟ್ಟು, ನೆಲ ಮೂಸುತ್ತಾ ಸುತ್ತು ಹಾಕಿತು ಅಂದರೆ ನಿಮಗಿರುವುದು ಕೆಲವೇ ಸೆಕೆಂಡು. ರಾತ್ರಿಗೆ ಒಂದೆರಡು ಸಲ ಅಲಾರಂ ಇಟ್ಟು ಏಳಲೇಬೇಕು. ಎರಡು ತಿಂಗಳ ಮರಿಗೆ ಬೆಳಗಿನ ತನಕ ತಡೆದುಕೊಳ್ಳಲು ಆಗುವುದಿಲ್ಲ.

ಉಚ್ಚೆ ಹೊಯ್ದು ಮುಗಿಸಿದ ಕೂಡಲೇ, ಅಲ್ಲೇ, ಚೂರು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ಕೆಲಸ ಮುಗಿಯಿತು ಅಂತ ತಕ್ಷಣ ಒಳಗೆ ಎಳೆದುಕೊಂಡು ಬರಲೂಬೇಡಿ. ಉಚ್ಚೆ ಹೊಯ್ದರೆ ಆಟ ಮುಗಿಯುತ್ತದೆ ಅಂತ ಗೊತ್ತಾದ ಮರಿ ಬೇಗ ಹೊಯ್ಯುವುದೇ ಇಲ್ಲ.

ಮೂಗನ್ನು ಉಚ್ಚೆಗೆ ಉಜ್ಜುವ ಪದ್ಧತಿ ಇನ್ನೂ ಹೋಗಿಲ್ಲ. ನನಗೆ ಸಿಟ್ಟು ಬರುವುದು ಇದೊಂದಕ್ಕೇ. ಅದರಿಂದ ಮರಿ ಕಲಿಯುವುದು ಒಂದೇ: ಇವರ ಎದುರಿಗೆ ಮಾಡಬಾರದು. ಆಮೇಲೆ ಸೋಫಾ ಹಿಂದೆ, ಮಂಚದ ಕೆಳಗೆ ಶುರು. ಮುಂದೆ ಬೀದಿಗೆ ಕರೆದುಕೊಂಡು ಹೋದಾಗಲೂ ಬೆಲ್ಟ್ ಹಿಡಿದ ನಿಮ್ಮೆದುರು ತಡೆದುಕೊಂಡು, ಮನೆಗೆ ಬಂದು ಮೂಲೆ ಹುಡುಕುತ್ತದೆ.

ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ಹೋಗುವುದು ನಮ್ಮ ಮೂಗಿಗೆ ಮಾತ್ರ. ಪೆಟ್ ಅಂಗಡಿಯಲ್ಲಿ ಸಿಗುವ, ಉಚ್ಚೆಯ ವಾಸನೆಯನ್ನು ಬುಡದಿಂದಲೇ ಒಡೆಯುವ ಎನ್‌ಜೈಮ್ ಕ್ಲೀನರ್ ಬಳಸಿ. ಅರ್ಧ ನೀರು ಬೆರೆಸಿದ ವಿನಿಗರ್ ಕೂಡ ಆಗುತ್ತದೆ, ಆದರೆ ಮಾರ್ಬಲ್ ನೆಲಕ್ಕೆ ಬೇಡ, ಹೊಳಪು ಹೋಗುತ್ತದೆ. ಇಷ್ಟೆಲ್ಲ ಮಾಡಿಯೂ ಮರಿ ಪದೇ ಪದೇ ಕೂತು ಹನಿ ಹನಿ ಹೊಯ್ಯುತ್ತಿದ್ದರೆ ತರಬೇತಿ ಬದಿಗಿಟ್ಟು ಡಾಕ್ಟರಿಗೆ ತೋರಿಸಿ. ಸೋಂಕಿರಬಹುದು.

ಬನಶಂಕರಿಯವರು ಮೊನ್ನೆ ಮುಂದಿನ ಲಸಿಕೆಗೆ ಬಂದಿದ್ದರು. ಟ್ರೇ ಚೆನ್ನಾಗಿ ರೂಢಿಯಾಗಿದೆಯಂತೆ. ಈಗ ಹೊಸ ತಾಪತ್ರಯ: ಮಣ್ಣು ಕಂಡಲ್ಲೆಲ್ಲ ಕಾಲು ಮಡಚುತ್ತದೆ. ಅಜ್ಜಿಯ ತುಳಸಿ ಕುಂಡ ಸ್ಟೂಲ್ ಹತ್ತಿದೆ.