ಕನ್ನಡದಲ್ಲಿ ಎಲ್‌ಎಲ್‌ಬಿ ಬರೆದವರು ಎಲ್‌ಎಲ್‌ಎಂಗೆ ಅರ್ಜಿ ಹಾಕಬಹುದಾ?

ಓದುಗರ ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಮೂರು ವರ್ಷದ ಎಲ್‌ಎಲ್‌ಬಿ ಪರೀಕ್ಷೆಗಳನ್ನೆಲ್ಲ ಕನ್ನಡದಲ್ಲೇ ಬರೆದು ಪಾಸಾಗಿದ್ದೇನೆ. ಈಗ ತಾಲ್ಲೂಕು ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಹತ್ತಿರ ಕೆಲಸ ಕಲಿಯುತ್ತಿದ್ದೇನೆ. ವಯಸ್ಸು 31. ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ ಮಾಡುವ ಆಸೆ ಇದೆ. ಕನ್ನಡದಲ್ಲಿ ಬರೆದವರಿಗೆ ಸೀಟು ಕೊಡ್ತಾರಾ? ಅರ್ಜಿ ಹಾಕೋದು ಹೇಗೆ?

ಉತ್ತರ: ಕೊಡ್ತಾರೆ. ಈ ಒಂದು ಮಾತನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ನೀವು ಎಲ್‌ಎಲ್‌ಬಿಯಲ್ಲಿ ಎಷ್ಟು ಅಂಕ ತೆಗೆದಿದ್ದೀರಿ ಅಂತ ಕೇಳುತ್ತಾರೆ. ಯಾವ ಭಾಷೆಯಲ್ಲಿ ಬರೆದಿದ್ದೀರಿ ಅನ್ನುವುದು ಅರ್ಹತೆಯ ಲೆಕ್ಕಕ್ಕೆ ಬರುವುದಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯಲ್ಲಿರುವ ಸೂಚನೆ ನಿಮಗೆ ಬಾಯಿಪಾಠ ಆಗಿರಬೇಕು: ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಅಥವಾ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬೇಕು ಅಂತ. ನಿಯಮವೇ ಕೊಟ್ಟ ಹಕ್ಕನ್ನು ನೀವು ಬಳಸಿಕೊಂಡಿದ್ದೀರಿ. ಆ ಡಿಗ್ರಿ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಕಷ್ಟ ಇರುವುದು ಬೇರೆ ಕಡೆ. ದೊಡ್ಡ ಪ್ರವೇಶ ಪರೀಕ್ಷೆಗಳು ಇಂಗ್ಲಿಷಿನಲ್ಲಿ ಇರುತ್ತವೆ. ಅರ್ಹತೆ ಒಂದು, ತಯಾರಿ ಇನ್ನೊಂದು. ಎರಡನ್ನೂ ಕಲಸಿಕೊಂಡು ಅರ್ಜಿಯನ್ನೇ ಹಾಕದೆ ಕೂತವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅರ್ಜಿಗೆ ಮೊದಲು ಒಂದು ಪ್ರಶ್ನೆ. ಎಲ್‌ಎಲ್‌ಎಂ ಯಾಕೆ ಬೇಕು? ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಬೇಕೇ ಬೇಕು. ಅಧ್ಯಾಪಕರಾಗಲು ಬರೆಯುವ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಕೇಳುತ್ತಾರೆ, ಮೀಸಲು ವರ್ಗಕ್ಕೆ ಶೇ 50. ಪಿಎಚ್‌ಡಿ ಕನಸಿದ್ದರೂ ದಾರಿ ಇದೇ. ಆದರೆ ಸಿವಿಲ್ ಜಡ್ಜ್ ಆಗಬೇಕು ಅಂತ ಇದ್ದರೆ ಎಲ್‌ಎಲ್‌ಎಂ ಕಡ್ಡಾಯ ಅಲ್ಲ, ಎಲ್‌ಎಲ್‌ಬಿ ಸಾಕು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಆ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ ತೀರ್ಪು ಕೊಟ್ಟಿತು. ನಿಮ್ಮ ಗುರಿ ಅದೇ ಆಗಿದ್ದರೆ ಈಗ ಕೋರ್ಟಿನಲ್ಲಿ ಕಳೆಯುವ ದಿನಗಳಿಗೆ ಬೆಲೆ ಜಾಸ್ತಿ. ಸುಮ್ನೆ ಹೆಸರಿನ ಮುಂದೆ ಇನ್ನೊಂದು ಡಿಗ್ರಿ ಇರಲಿ ಅಂತ ಒಂದೆರಡು ವರ್ಷ ಕೊಡಬೇಡಿ.

ಬೇಕು ಅಂತ ತೀರ್ಮಾನ ಆಯಿತು ಅಂದುಕೊಳ್ಳೋಣ. ನಿಮ್ಮ ಮುಂದೆ ಎರಡು ಬಾಗಿಲುಗಳಿವೆ.

ಮೊದಲನೆಯದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು. ಹುಬ್ಬಳ್ಳಿಯ ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲೆಲ್ಲ ಎರಡು ವರ್ಷದ, ನಾಲ್ಕು ಸೆಮಿಸ್ಟರ್‌ಗಳ ಎಲ್‌ಎಲ್‌ಎಂ ಪದ್ಧತಿ ಇದೆ. ಒಂದೊಂದೂ ತನ್ನದೇ ಅಧಿಸೂಚನೆ ಹೊರಡಿಸುತ್ತದೆ. ಖರ್ಚು ಕಡಿಮೆ, ಊರು ಹತ್ತಿರ. ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ಸಿದೆ, ರೈಲಿದೆ. ಇದನ್ನು ಎರಡನೇ ದರ್ಜೆಯ ದಾರಿ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಎರಡನೆಯದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಇವುಗಳಲ್ಲಿ ಹಿರಿಯದು. ಇಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಎಲ್‌ಎಲ್‌ಎಂ. ಇದಕ್ಕೆ ಕ್ಲಾಟ್ ಪಿಜಿ ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಅನ್ನುವ ತನ್ನದೇ ಪರೀಕ್ಷೆ ನಡೆಸುತ್ತದೆ. ಒಂದು ವರ್ಷದ್ದಕ್ಕೆ ಬೆಲೆ ಇಲ್ಲ ಅಂತ ಕೆಲವರು ಹೆದರಿಸುತ್ತಾರೆ. ಅದು ಯುಜಿಸಿ ಮಾರ್ಗಸೂಚಿಯ ಪ್ರಕಾರವೇ ಬಂದದ್ದು, ನೆಟ್ ಬರೆಯಲು ನಡೆಯುತ್ತದೆ. ಆದರೆ ಶುಲ್ಕ ಲಕ್ಷಗಳಲ್ಲಿ ಇರುತ್ತದೆ. ಹೊರೆ ಇದು, ಅಲ್ವಾ? ಮನೆಯವರ ಜೊತೆ ಮೊದಲೇ ಕೂತು ಮಾತಾಡಿ.

ಮೂರನೇ ಬಾಗಿಲು ಅಂತ ಯಾರಾದರೂ ‘ಮನೆಯಲ್ಲೇ ಕೂತು ಎಲ್‌ಎಲ್‌ಎಂ’ ಅಂದರೆ ನಂಬಬೇಡಿ. ದೂರಶಿಕ್ಷಣದಲ್ಲಿ ಕಾನೂನು ಪದವಿ ನಡೆಸಲು ಯುಜಿಸಿ ನಿಯಮದಲ್ಲಿ ಅವಕಾಶ ಇಲ್ಲ. ಅನುಮತಿ ಇಲ್ಲದ ಆನ್‌ಲೈನ್, ದೂರಶಿಕ್ಷಣದ ಎಲ್‌ಎಲ್‌ಎಂಗಳ ಬಗ್ಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2025ರಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ.

ಈಗ ಕ್ಲಾಟ್ ಪಿಜಿ ವಿಷಯ. ಎಲ್‌ಎಲ್‌ಬಿಯಲ್ಲಿ ಶೇ 50 ಅಂಕ ಇರಬೇಕು, ಎಸ್‌ಸಿ, ಎಸ್‌ಟಿಗೆ ಶೇ 45. ವಯಸ್ಸಿಗೆ ಮೇಲಿನ ಮಿತಿ ಇಲ್ಲ. 31 ಅಂತ ನೀವು ಬರೆದದ್ದರಲ್ಲಿ ಸ್ವಲ್ಪ ಅಳುಕು ಕಂಡಿತು. ಬಿಟ್ಟುಬಿಡಿ ಅದನ್ನು. ಎರಡು ಗಂಟೆಯಲ್ಲಿ 120 ಪ್ರಶ್ನೆ, ಒಂದಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. 100 ಪ್ರಶ್ನೆಗೆ ಉತ್ತರಿಸಿ 70 ಸರಿ, 30 ತಪ್ಪು ಆದರೆ ಕೈಗೆ ಸಿಗುವುದು 62.5. ಗೊತ್ತಿಲ್ಲದ್ದಕ್ಕೆಲ್ಲ ಗುರುತು ಹಾಕುತ್ತಾ ಹೋದರೆ ಗಳಿಸಿದ್ದೂ ಸೋರಿಹೋಗುತ್ತದೆ.

ಎಲ್ಲರೂ ಎಡವುವುದು ದಿನಾಂಕದಲ್ಲಿ. 2023, 2024, 2025 ಮೂರೂ ವರ್ಷ ಪರೀಕ್ಷೆ ನಡೆದದ್ದು ಡಿಸೆಂಬರ್ ಮೊದಲ ಭಾನುವಾರ. ಅರ್ಜಿ ಜುಲೈ, ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ. ಕ್ಲಾಸು ಶುರುವಾಗುವುದು ಮಾತ್ರ ಮುಂದಿನ ವರ್ಷದ ಮಧ್ಯದಲ್ಲಿ. ಅಂದರೆ ಕ್ಲಾಸಿಗೆ ಕೂರುವ ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕು. ಮೇ ತಿಂಗಳಲ್ಲಿ ವಿಚಾರಿಸಲು ಹೊರಟರೆ ಆ ವರ್ಷದ್ದು ಮುಗಿದೇ ಹೋಗಿರುತ್ತದೆ. ಹಣದ ವಿಷಯವೂ ಇದೆ. 2025ರ ಪ್ರವೇಶಕ್ಕೆ ಅರ್ಜಿ ಶುಲ್ಕ 4,000 ರೂಪಾಯಿ, ಎಸ್‌ಸಿ, ಎಸ್‌ಟಿಗೆ 3,500 ಇತ್ತು. ರ‍್ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್‌ಗೆ ಹೆಸರು ಹಾಕಿಸಲು ಬೇರೆಯೇ ಹಣ: ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಕ್ಕೆ 20,000 ಇತ್ತು. ಇದು ಗೊತ್ತಿಲ್ಲದೆ ಕೊನೆಯ ಎರಡು ದಿನ ಸಾಲಕ್ಕೆ ಓಡಾಡುವವರಿದ್ದಾರೆ.

ನಿಮಗೆ ಅನುಕೂಲ ಆಗುವ ಒಂದು ವಿಷಯ ಹೇಳಲೇಬೇಕು. ಬೆಂಗಳೂರಿನ ಲಾ ಸ್ಕೂಲ್ ಶೇ 25ರಷ್ಟು ಸೀಟುಗಳನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಇಡುವ ಪದ್ಧತಿ ತಂದಿದೆ. ರಾಜ್ಯದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವರು ಇದಕ್ಕೆ ಬರುತ್ತಾರೆ. ನೀವು ಒಂದನೇ ಕ್ಲಾಸಿನಿಂದ ಇಲ್ಲೇ ಓದಿದವರಾಗಿದ್ದರೆ ನೀವೂ ಬರುತ್ತೀರಿ. ಅರ್ಜಿ ತುಂಬುವಾಗಲೇ ಆ ಕಾಲಂನಲ್ಲಿ ಗುರುತು ಹಾಕಬೇಕು. ಆಮೇಲೆ ಕೇಳಿಕೊಂಡರೆ ಕಷ್ಟ.

ಇನ್ನು ನಿಮ್ಮ ನಿಜವಾದ ಭಯಕ್ಕೆ ಬರೋಣ, ಇಂಗ್ಲಿಷಿಗೆ. ಪರೀಕ್ಷೆಯಲ್ಲಿ ತೀರ್ಪಿನ ಅಥವಾ ಕಾಯ್ದೆಯ ಒಂದು ಭಾಗ ಕೊಡುತ್ತಾರೆ, ಅದರ ಮೇಲೆ ಪ್ರಶ್ನೆ. ಚೆಂದದ ಇಂಗ್ಲಿಷ್ ಬರೆಯುವ ಕೆಲಸವೇ ಅಲ್ಲಿಲ್ಲ. ಓದಿ ಅರ್ಥ ಮಾಡಿಕೊಂಡರೆ ಆಯಿತು. ಅದೂ ಸಾಹಿತ್ಯದ ಇಂಗ್ಲಿಷ್ ಅಲ್ಲ, ಕೋರ್ಟಿನ ಇಂಗ್ಲಿಷ್. ಮತ್ತೆ ಮತ್ತೆ ಬರುವುದು ಅವೇ ಕೆಲವು ನೂರು ಪದ.

ಆ ಪದಗಳ ಕೋರ್ಟಿನ ಅರ್ಥ ಸಾಮಾನ್ಯ ಡಿಕ್ಷನರಿಯಲ್ಲಿ ಸಿಗುವುದಿಲ್ಲ ಅನ್ನುವುದೇ ತೊಡಕು. ‘ಕನ್ಸಿಡರೇಷನ್’ ಅಂದರೆ ಪರಿಗಣನೆ ಅಂತ ಡಿಕ್ಷನರಿ ಹೇಳುತ್ತದೆ. ಕರಾರು ಕಾಯ್ದೆಯಲ್ಲಿ ಅದು ಪ್ರತಿಫಲ. ‘ಎಕ್ಸಿಕ್ಯೂಷನ್’ ಅಂದರೆ ಮರಣದಂಡನೆ ಜಾರಿ ಅಂತ ಸಿಗಬಹುದು. ಸಿವಿಲ್ ಕೋರ್ಟಿನಲ್ಲಿ ಅದು ನಿಮ್ಮ ಸೀನಿಯರ್ ದಿನಾ ಹಾಕುವ ಅಮಲ್ಜಾರಿ, ಅಂದರೆ ಕೋರ್ಟಿನ ತೀರ್ಪನ್ನು ಜಾರಿಗೆ ತರಿಸುವ ಅರ್ಜಿ. ಇದು ನಿಮ್ಮ ಬಲ. ದಾವೆ, ಕೈಫಿಯತ್ತು (ಪ್ರತಿವಾದಿಯ ಲಿಖಿತ ಉತ್ತರ), ಅಮಲ್ಜಾರಿಗಳ ನಡುವೆ ಬದುಕುವ ನಿಮಗೆ ವಸ್ತು ಗೊತ್ತು, ಅದರ ಇಂಗ್ಲಿಷ್ ಹೆಸರು ಮಾತ್ರ ಜೋಡಿಸಬೇಕು. ಇಂಗ್ಲಿಷ್ ಮಾತ್ರ ಬಲ್ಲ, ಕೋರ್ಟು ನೋಡದ ಹುಡುಗರಿಗೆ ಹೆಸರು ಗೊತ್ತು, ವಸ್ತು ಗೊತ್ತಿಲ್ಲ.

ನಾನು ಹೇಳುವ ದಾರಿ ಇದು. ನಮ್ಮ ಕಡೆಯ ಕೇಸುಗಳಿಂದ ಶುರುಮಾಡಿ. ಮೊದಲನೆಯದು ಎಸ್.ಆರ್. ಬೊಮ್ಮಾಯಿ. ಅವರು ನಿಮ್ಮ ಶಿಗ್ಗಾಂವಿ ಕಡೆಯ ಕಾರಡಗಿಯವರು. 1989ರಲ್ಲಿ ಅವರು ಮುಖ್ಯಮಂತ್ರಿ ಆಗಿದ್ದಾಗ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಅನ್ನುವ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಕೆಲವರು ನಮ್ಮ ಸಹಿ ಸುಳ್ಳು ಹೇಳಿ ಪಡೆದದ್ದು ಅಂತ ಮತ್ತೆ ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರು ಬೊಮ್ಮಾಯಿ. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ.

ಕಥೆ ಹೀಗೆ ಕನ್ನಡದಲ್ಲಿ ತಲೆಯಲ್ಲಿ ಕೂತ ಮೇಲೆ ತೀರ್ಪಿನ ಇಂಗ್ಲಿಷ್ ಹೆಡ್‌ನೋಟ್, ಅಂದರೆ ಮೊದಲಿಗೆ ಕೊಡುವ ಸಾರಾಂಶ, ತೆಗೆಯಿರಿ. ‘ಸ್ಯಾಟಿಸ್‌ಫ್ಯಾಕ್ಷನ್’ ಅನ್ನುವ ಪದ ಸಿಗುತ್ತದೆ. ತೃಪ್ತಿ ಅಂತ ಓದಿದರೆ ವಾಕ್ಯವೇ ಅರ್ಥ ಆಗದು. ರಾಷ್ಟ್ರಪತಿ ಆಳ್ವಿಕೆಯ ಬಗ್ಗೆ ಹೇಳುವ ಸಂವಿಧಾನದ 356ನೇ ವಿಧಿಯಲ್ಲಿ ಅದು ರಾಷ್ಟ್ರಪತಿಗೆ ಆದ ಮನವರಿಕೆ. ಆ ಮನವರಿಕೆಗೆ ಆಧಾರ ಇತ್ತಾ ಅಂತ ಕೋರ್ಟ್ ನೋಡಬಹುದಾ ಅನ್ನುವುದೇ ಕೇಸಿನ ತಿರುಳು. ನೋಡಬಹುದು ಅಂದಿತು ಕೋರ್ಟ್. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ: ಏನಾಯಿತು, ಪ್ರಶ್ನೆ ಏನು, ಕೋರ್ಟ್ ಏನಂದಿತು, ಯಾಕೆ. ಕೆಳಗೆ ಹತ್ತು ಇಂಗ್ಲಿಷ್ ಪದ. ಒಂದು ಕೇಸಿಗೆ ಒಂದು ವಾರ ಹಿಡಿದರೂ ಪರವಾಗಿಲ್ಲ.

ಆಮೇಲೆ ಕೇಶವಾನಂದ ಭಾರತಿ, 1973. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ ಕೇಸು, 13 ನ್ಯಾಯಮೂರ್ತಿಗಳು, ಸಂವಿಧಾನದ ಮೂಲರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಅಂದ 7-6ರ ತೀರ್ಪು. ಕೈಗಾರಿಕೆ ಅಂದರೆ ಏನು ಅಂತ ಕೇಳಿದ 1978ರ ಬೆಂಗಳೂರು ಜಲಮಂಡಳಿ ಕೇಸು. ಕ್ಯಾಪಿಟೇಷನ್ ಶುಲ್ಕದ (ಸೀಟಿಗಾಗಿ ಕಾಲೇಜು ಕೇಳುವ ಹೆಚ್ಚುವರಿ ಹಣ) ವಿರುದ್ಧ 1992ರ ಮೋಹಿನಿ ಜೈನ್. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸು, 2017, ಖಾಸಗಿತನದ ಹಕ್ಕು. ಈ ಐದರಲ್ಲೇ ಸಂವಿಧಾನ, ಕಾರ್ಮಿಕ ಕಾನೂನು ಎರಡನ್ನೂ ಮುಟ್ಟಿದಂತಾಗುತ್ತದೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣದಲ್ಲಿ ತೀರ್ಪುಗಳು ಉಚಿತವಾಗಿ ಸಿಗುತ್ತವೆ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕೋಚಿಂಗ್ ಕೊಡದ ಲಾಭ ಸಿಗುತ್ತದೆ. ಅಪರಾಧ ಕಾನೂನನ್ನು ಮಾತ್ರ ಹಳೆಯ ನೋಟ್ಸಿನಿಂದಷ್ಟೇ ಓದಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ.

ವಿದೇಶದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅಲ್ಲಿ ಐಇಎಲ್‌ಟಿಎಸ್ ಥರದ ಭಾಷಾ ಪರೀಕ್ಷೆ, ಯಾಕೆ ಓದಬೇಕು ಅಂತ ನೀವೇ ಬರೆದ ಪತ್ರ, ಪಾಠ ಮಾಡಿದವರ ಶಿಫಾರಸು ಇವೆಲ್ಲ ಬೇಕು. ಈಗಲೇ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೊನೆಗೆ ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಲ್‌ಎಲ್‌ಬಿಯ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್ ಅಥವಾ ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ), ಟಿಸಿ, ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಮೈಗ್ರೇಷನ್, ಹತ್ತು ವರ್ಷದ ಸ್ಟಡಿ ಸರ್ಟಿಫಿಕೇಟ್. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೊದಲೇ ಹೋಗಿಬನ್ನಿ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ನಮ್ಮ ರಾಜ್ಯದ 2ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ನೀವು ಅರ್ಜಿ ಹಾಕುವ ಕಡೆ ಯಾವ ನಮೂನೆ ಕೇಳಿದ್ದಾರೆ ಅಂತ ನೋಡಿಯೇ ಮಾಡಿಸಿ.

ನನ್ನ ಪ್ರವೇಶದ ದಿನ ನಡೆದದ್ದು ಇವತ್ತಿಗೂ ಕಣ್ಣಮುಂದಿದೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಇನಿಶಿಯಲ್ ಹೆಸರಿನ ಕೊನೆಗಿತ್ತು, ಡಿಗ್ರಿಯಲ್ಲಿ ಮೊದಲಿಗೆ. ಕಿಟಕಿಯ ಆಚೆ ಕೂತವರು ಎರಡನ್ನೂ ನೋಡಿ ಫೈಲನ್ನು ವಾಪಸ್ ತಳ್ಳಿದರು. ಸಂಜೆ ಐದರೊಳಗೆ ಅಫಿಡವಿಟ್ ತನ್ನಿ ಅಂದರು. ಗೊತ್ತಿಲ್ಲದ ಊರಿನಲ್ಲಿ ನೋಟರಿ ಹುಡುಕುತ್ತಾ ಬಿಸಿಲಲ್ಲಿ ಓಡಿದ್ದೆ. ನಿಮ್ಮ ಎರಡು ಅಂಕಪಟ್ಟಿಗಳನ್ನೂ ಇವತ್ತು ರಾತ್ರಿಯೇ ಪಕ್ಕಪಕ್ಕ ಇಟ್ಟು ನೋಡಿ. ಹೆಸರು, ಇನಿಶಿಯಲ್, ತಂದೆಯ ಹೆಸರು, ಒಂದೊಂದು ಅಕ್ಷರವನ್ನೂ. ವ್ಯತ್ಯಾಸ ಇದ್ದರೆ ನಾಳೆ ಕೋರ್ಟಿಗೆ ಹೋದಾಗ ನಿಮ್ಮ ಸೀನಿಯರ್‌ಗೆ ತೋರಿಸಿ. ನೋಟರಿ ಅಲ್ಲೇ ಎಲ್ಲೋ ಪಕ್ಕದಲ್ಲಿರುತ್ತಾರೆ.