ಪುಲಿಟ್ಜರ್ ಬಾಗಿಲು ಯಾರಿಗೆ ತೆರೆಯಿತು, ಯಾವಾಗ ತೆರೆಯಿತು?

2020ರ ಮೇ ತಿಂಗಳಲ್ಲಿ ಜಮ್ಮು ಮತ್ತು ಕಾಶ್ಮೀರದ ಮೂವರು ಫೋಟೋಗ್ರಾಫರ್‌ಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಡಾರ್ ಯಾಸಿನ್, ಮುಖ್ತಾರ್ ಖಾನ್ ಮತ್ತು ಚನ್ನಿ ಆನಂದ್. ಮೊದಲಿಬ್ಬರು ಶ್ರೀನಗರದವರು, ಆನಂದ್ ಜಮ್ಮುವಿನವರು. 2019ರ ಆಗಸ್ಟ್‌ನಲ್ಲಿ 370ನೇ ವಿಧಿ ರದ್ದಾದಾಗ ಕಣಿವೆಯಲ್ಲಿ ಫೋನ್ ಇರಲಿಲ್ಲ, ಇಂಟರ್ನೆಟ್ ಇರಲಿಲ್ಲ, ಬೀದಿಬೀದಿಯಲ್ಲಿ ತಡೆ. ಅವರು ತರಕಾರಿ ಚೀಲದಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಓಡಾಡಿದರು. ತೆಗೆದ ಚಿತ್ರಗಳನ್ನು ಕಳಿಸುವುದು ಇನ್ನೂ ಕಷ್ಟವಿತ್ತು. ವಿಮಾನ ನಿಲ್ದಾಣಕ್ಕೆ ಹೋಗಿ, ದೆಹಲಿಗೆ ಹೊರಟಿದ್ದ ಪ್ರಯಾಣಿಕರನ್ನು ಒಪ್ಪಿಸಿ, ಅವರ ಕೈಯಲ್ಲಿ ಮೆಮೊರಿ ಕಾರ್ಡ್ ಕಳಿಸಿಕೊಟ್ಟರು.

ಪುಲಿಟ್ಜರ್ ಅಮೆರಿಕದ ಪತ್ರಕರ್ತರ ದೊಡ್ಡ ರಾಷ್ಟ್ರೀಯ ಪ್ರಶಸ್ತಿ. ಅದು ಭಾರತದಲ್ಲೇ ಇದ್ದು ಕೆಲಸ ಮಾಡುವವರಿಗೆ ಹೇಗೆ ಸಿಕ್ಕಿತು? ಇದಕ್ಕೆ ಕಾರಣ ಅದರ ನಿಯಮ. ಪತ್ರಿಕೋದ್ಯಮದ ವಿಭಾಗಗಳಲ್ಲಿ ಅದು ಪತ್ರಕರ್ತ ಯಾವ ದೇಶದ ಪ್ರಜೆ ಎಂದು ಕೇಳುವುದಿಲ್ಲ. ಕೆಲಸ ಪ್ರಕಟವಾದದ್ದು ಅಮೆರಿಕದ ಮಾಧ್ಯಮದಲ್ಲಾ ಎಂದು ನೋಡುತ್ತದೆ. ಈ ಮೂವರು ಅಸೋಸಿಯೇಟೆಡ್ ಪ್ರೆಸ್ ಎಂಬ ಅಮೆರಿಕದ ಸುದ್ದಿಸಂಸ್ಥೆಗೆ ಕೆಲಸ ಮಾಡುತ್ತಿದ್ದರು. ಅದೇ ಚಿತ್ರಗಳು ಶ್ರೀನಗರದ ಪತ್ರಿಕೆಯೊಂದರಲ್ಲಿ ಮಾತ್ರ ಅಚ್ಚಾಗಿದ್ದರೆ ಸ್ಪರ್ಧೆಗೇ ಬರುತ್ತಿರಲಿಲ್ಲ.

ನನಗೆ ಈ ಪ್ರಶಸ್ತಿಯ ಇತಿಹಾಸದಲ್ಲಿ ಗೆದ್ದವರ ಪಟ್ಟಿಗಿಂತ ಈ ನಿಯಮಗಳ ಕಥೆಯೇ ಜಾಸ್ತಿ ಮುಖ್ಯ ಅನಿಸುತ್ತದೆ. ಯಾರನ್ನು ಪತ್ರಕರ್ತ ಎಂದು ಒಪ್ಪಬೇಕು, ಯಾವುದನ್ನು ಪತ್ರಿಕೋದ್ಯಮ ಎನ್ನಬೇಕು ಎಂಬುದನ್ನು ಅವು ಒಂದು ಶತಮಾನದಿಂದ ತೀರ್ಮಾನಿಸುತ್ತಾ ಬಂದಿವೆ. ಪ್ರತಿ ಸಲವೂ ತಡವಾಗಿಯೇ ಬದಲಾಗಿವೆ.

ಪ್ರಶಸ್ತಿ ಕಟ್ಟಿದ ಮನುಷ್ಯ ಸ್ವತಃ ಹೊರಗಿನಿಂದ ಬಂದವನು. ಜೋಸೆಫ್ ಪುಲಿಟ್ಜರ್ ಹುಟ್ಟಿದ್ದು 1847ರಲ್ಲಿ, ಹಂಗೇರಿಯ ಮಾಕೋ ಎಂಬ ಊರಿನಲ್ಲಿ. 1864ರಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, ಸೈನ್ಯಕ್ಕೆ ಸೇರಲೆಂದು ಅಲ್ಲಿಗೆ ಬಂದ. ಯುದ್ಧ ಮುಗಿದ ಮೇಲೆ ಸೇಂಟ್ ಲೂಯಿಸ್‌ಗೆ ಹೋಗಿ ಸಿಕ್ಕ ಕೆಲಸ ಮಾಡಿದ. 1868ರಲ್ಲಿ ವರದಿಗಾರನಾಗಿ ಸೇರಿದ್ದು ಜರ್ಮನ್ ಭಾಷೆಯ ಪತ್ರಿಕೆಗೆ. ಅಮೆರಿಕದ ಪತ್ರಿಕೋದ್ಯಮದಲ್ಲಿ ಇಷ್ಟು ದೊಡ್ಡ ಹೆಸರಾದವನ ಮೊದಲ ವರದಿಗಳು ಇಂಗ್ಲಿಷಿನಲ್ಲಿ ಇರಲಿಲ್ಲ.

ಹತ್ತು ವರ್ಷದಲ್ಲಿ ಸ್ವಂತ ಪತ್ರಿಕೆ ಮಾಡಿದ. 1883ರಲ್ಲಿ ನಷ್ಟದಲ್ಲಿದ್ದ 'ನ್ಯೂಯಾರ್ಕ್ ವರ್ಲ್ಡ್' ಕೊಂಡ. ಅದು ನೋಡನೋಡುತ್ತಲೇ ನಗರದ ದೊಡ್ಡ ಪತ್ರಿಕೆಯಾಯಿತು. ದಪ್ಪ ತಲೆಬರಹ, ಕೊಲೆ ಸುಲಿಗೆ, ಚಿತ್ರಗಳು, ಬಡವರ ವಠಾರಗಳ ಸುದ್ದಿ, ಭ್ರಷ್ಟರ ಬೆನ್ನು ಹತ್ತುವುದು ಎಲ್ಲವೂ ಅದರಲ್ಲಿತ್ತು. ನೆಲ್ಲಿ ಬ್ಲೈ ಎಂಬ ಯುವತಿ 1887ರಲ್ಲಿ ಹುಚ್ಚಿಯಂತೆ ನಟಿಸಿ ಮಾನಸಿಕ ರೋಗಿಗಳ ಆಸ್ಪತ್ರೆ ಸೇರಿ, ಹತ್ತು ದಿನ ಒಳಗಿದ್ದು, ಅಲ್ಲಿನ ಕ್ರೌರ್ಯವನ್ನು ಬರೆದದ್ದು ಇದೇ ಪತ್ರಿಕೆಗೆ. ಸ್ವಾತಂತ್ರ್ಯ ದೇವತೆಯ ಪ್ರತಿಮೆಗೆ ಪೀಠ ಕಟ್ಟಲು ದುಡ್ಡಿಲ್ಲದಾಗ ಓದುಗರಿಂದ ಚಿಲ್ಲರೆ ಚಿಲ್ಲರೆಯಾಗಿ 1 ಲಕ್ಷ ಡಾಲರ್ ಸೇರಿಸಿದ್ದೂ ಇದೇ ಪತ್ರಿಕೆ.

1895ರಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಪೈಪೋಟಿಗೆ ಬಂದ ಮೇಲೆ ಹದ ತಪ್ಪಿತು. ಇಬ್ಬರ ಪತ್ರಿಕೆಗಳೂ ಪ್ರಸಾರಕ್ಕಾಗಿ ಸುದ್ದಿಯನ್ನು ಉಬ್ಬಿಸಿದವು. 1898ರಲ್ಲಿ, ಸ್ಪೇನ್ ಆಳುತ್ತಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ 'ಮೇನ್' ಎಂಬ ಅಮೆರಿಕದ ಯುದ್ಧನೌಕೆ ಸ್ಫೋಟಗೊಂಡಾಗ, ಕಾರಣ ಗೊತ್ತಾಗುವ ಮೊದಲೇ ಜನರನ್ನು ಸ್ಪೇನ್ ವಿರುದ್ಧ ಕೆರಳಿಸಿದವು. ಪೀತ ಪತ್ರಿಕೋದ್ಯಮ ಎಂಬ ಮಾತು ಹುಟ್ಟಿದ್ದೇ ಈ ಜಗಳದಲ್ಲಿ.

ಆ ಹೊತ್ತಿಗೆ ಪುಲಿಟ್ಜರ್‌ಗೆ ಕಣ್ಣು ಬಹುತೇಕ ಹೋಗಿತ್ತು. ಸಣ್ಣ ಸದ್ದೂ ಸಹಿಸಲಾಗುತ್ತಿರಲಿಲ್ಲ. ಶಬ್ದ ಬಾರದ ಕೋಣೆಗಳಲ್ಲಿ, ಹಡಗಿನಲ್ಲಿ ಬದುಕುತ್ತಾ, ಕಾರ್ಯದರ್ಶಿಗಳಿಂದ ಓದಿಸಿಕೊಂಡೇ ಪತ್ರಿಕೆ ನಡೆಸಿದ. ಪತ್ರಕರ್ತರಿಗೂ ವಕೀಲರ ಹಾಗೆ, ಡಾಕ್ಟರರ ಹಾಗೆ ಕಾಲೇಜು ಶಿಕ್ಷಣ ಬೇಕು ಎಂಬ ಹಟ ಆತನದು. 1892ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹಣ ಕೊಡುತ್ತೇನೆ ಎಂದಾಗ ಅವರು ಬೇಡ ಎಂದಿದ್ದರು. ಒಪ್ಪಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1904ರ ಉಯಿಲಿನಲ್ಲಿ ಪತ್ರಿಕೋದ್ಯಮ ಶಾಲೆಗೆ ಹಣವಿಟ್ಟ, ಜೊತೆಗೆ ಪ್ರಶಸ್ತಿಗಳಿಗೂ ಇಟ್ಟ. 1911ರ ಅಕ್ಟೋಬರ್‌ನಲ್ಲಿ ತನ್ನ ಹಡಗಿನಲ್ಲೇ ತೀರಿಕೊಂಡ. ಮರುವರ್ಷ ಶಾಲೆ ಶುರುವಾಯಿತು.

ಉಬ್ಬಿಸಿದ ಸುದ್ದಿಯಿಂದ ದುಡ್ಡು ಮಾಡಿದವನು ಒಳ್ಳೆಯ ಪತ್ರಿಕೋದ್ಯಮಕ್ಕೆ ಪ್ರಶಸ್ತಿ ಇಟ್ಟದ್ದು ಪಾಪ ತೊಳೆದುಕೊಳ್ಳಲು ಎಂದು ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ನೆಲ್ಲಿ ಬ್ಲೈಯ ವರದಿಯೂ ಯುದ್ಧದ ಉನ್ಮಾದವೂ ಒಂದೇ ಸುದ್ದಿಮನೆಯಿಂದ ಬಂದವು. ಒಳ್ಳೆಯದು ಯಾವುದು ಎಂದು ಆತನಿಗೆ ಮೊದಲಿನಿಂದಲೂ ಗೊತ್ತಿತ್ತು.

ಮೊದಲ ಪ್ರಶಸ್ತಿಗಳು ಪ್ರಕಟವಾಗಿದ್ದು 1917ರ ಜೂನ್ 4ರಂದು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದು ಎರಡು ತಿಂಗಳಾಗಿತ್ತಷ್ಟೆ. ವರದಿಗಾರಿಕೆಯ ಪ್ರಶಸ್ತಿ ಹರ್ಬರ್ಟ್ ಬೇಯಾರ್ಡ್ ಸ್ವೋಪ್‌ಗೆ ಬಂತು, ಜರ್ಮನಿಯೊಳಗಿನ ಸ್ಥಿತಿ ಕುರಿತ ಲೇಖನಗಳಿಗಾಗಿ. ಸ್ವೋಪ್ ಇದ್ದದ್ದು ಪುಲಿಟ್ಜರನದೇ 'ವರ್ಲ್ಡ್' ಪತ್ರಿಕೆಯಲ್ಲಿ. ಸಂಪಾದಕೀಯದ ಪ್ರಶಸ್ತಿ 'ನ್ಯೂಯಾರ್ಕ್ ಟ್ರಿಬ್ಯೂನ್'ಗೆ. ಸಾರ್ವಜನಿಕ ಸೇವೆಯ ಪದಕವನ್ನು ಆ ವರ್ಷ ಯಾರಿಗೂ ಕೊಡಲಿಲ್ಲ.

ಪುಲಿಟ್ಜರ್ ಗೆದ್ದವರಿಗೆಲ್ಲ ಚಿನ್ನದ ಪದಕ ಸಿಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಪದಕ ಇರುವುದು ಸಾರ್ವಜನಿಕ ಸೇವೆಯ ವಿಭಾಗಕ್ಕೆ ಮಾತ್ರ. ಅದು ಹೋಗುವುದೂ ಪತ್ರಿಕೆಗೆ. ಉಳಿದವರಿಗೆ ಪ್ರಮಾಣಪತ್ರ ಮತ್ತು ಹಣ, 2017ರಿಂದ 15,000 ಡಾಲರ್. ಹೆಸರು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಪತ್ರಿಕೋದ್ಯಮಕ್ಕೇ ಪ್ರತಿ ವರ್ಷ ಸಾವಿರಕ್ಕೂ ಹೆಚ್ಚು ಅರ್ಜಿ ಬರುತ್ತವೆ. ತೀರ್ಪುಗಾರರ ತಂಡಗಳು ಒಂದೊಂದು ವಿಭಾಗಕ್ಕೆ ಮೂರು ಹೆಸರು ಆರಿಸಿ ಮಂಡಳಿಗೆ ಕೊಡುತ್ತವೆ. ಕೊನೆಯ ಮಾತು ಮಂಡಳಿಯದು. ಅದು ಪಟ್ಟಿಯನ್ನು ಬದಿಗಿಡಬಹುದು, ಬೇರೆ ವಿಭಾಗಕ್ಕೆ ಹಾಕಬಹುದು, ಯಾರಿಗೂ ಕೊಡದೆಯೂ ಇರಬಹುದು. ನಿಯಮಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸುವ ಅಧಿಕಾರವನ್ನು ಉಯಿಲೇ ಮಂಡಳಿಗೆ ಕೊಟ್ಟಿತ್ತು. ಈ ಒಂದು ಮಾತು ಉಯಿಲಿನಲ್ಲಿ ಇರದಿದ್ದರೆ ಪ್ರಶಸ್ತಿ 1917ರಲ್ಲೇ ನಿಂತುಬಿಡುತ್ತಿತ್ತು.

ಸುಮಾರು ಇಪ್ಪತ್ತು ವರ್ಷ ಅದು ಬಹುತೇಕ ದೊಡ್ಡ ಪತ್ರಿಕೆಗಳ ಬಿಳಿಯ ಗಂಡಸರ ಪ್ರಶಸ್ತಿಯಾಗಿಯೇ ಇತ್ತು. 1937ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಯುರೋಪಿನಿಂದ ಬರೆಯುತ್ತಿದ್ದ 'ನ್ಯೂಯಾರ್ಕ್ ಟೈಮ್ಸ್'ನ ಆ್ಯನ್ ಒ'ಹೇರ್ ಮೆಕಾರ್ಮಿಕ್ ಅವರಿಗೆ ಪ್ರಶಸ್ತಿ ಬಂತು. ಪತ್ರಿಕೋದ್ಯಮದ ಪ್ರಮುಖ ವಿಭಾಗವೊಂದರಲ್ಲಿ ಗೆದ್ದ ಮೊದಲ ಮಹಿಳೆ ಅವರು. ಅದೇ ವರ್ಷ ವರದಿಗಾರಿಕೆಯ ಪ್ರಶಸ್ತಿಯನ್ನು ಐವರು ವಿಜ್ಞಾನ ಬರಹಗಾರರು ಹಂಚಿಕೊಂಡರು. ಅವರಲ್ಲಿ ಒಬ್ಬರು ಗೋಬಿಂದ್ ಬಿಹಾರಿ ಲಾಲ್.

ಲಾಲ್ ಅವರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ದೆಹಲಿಯಲ್ಲಿ ಹುಟ್ಟಿ, 1912ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಓದಲು ಹೋದವರು. ಅಮೆರಿಕದಲ್ಲಿದ್ದ ಭಾರತೀಯರು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಕಟ್ಟಿದ ಗದರ್ ಚಳವಳಿಯ ಒಡನಾಡಿ. ಆಮೇಲೆ ಹರ್ಸ್ಟ್ ಪತ್ರಿಕೆಗಳಿಗೆ, ಹೌದು, ಪುಲಿಟ್ಜರನ ಅದೇ ಹಳೆಯ ಎದುರಾಳಿಯ ಪತ್ರಿಕೆಗಳಿಗೆ, ವಿಜ್ಞಾನ ಸಂಪಾದಕರಾದರು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ 300 ವರ್ಷ ತುಂಬಿದಾಗ ಅಲ್ಲಿ ನಡೆದ ವಿಜ್ಞಾನ ಗೋಷ್ಠಿಗಳ ವರದಿಗೆ ಈ ಪ್ರಶಸ್ತಿ ಬಂತು. ಆ ಕಾಲದಲ್ಲಿ ಭಾರತೀಯರಿಗೆ ಅಮೆರಿಕದ ಪೌರತ್ವವೇ ಸಿಗುತ್ತಿರಲಿಲ್ಲ. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ನಿರಾಕರಿಸಿತ್ತು. ಕಾನೂನು ಬದಲಾಗಿದ್ದು 1946ರಲ್ಲಿ. ಪ್ರಜೆಯಾಗಲು ಬಿಡದ ದೇಶ ತನ್ನ ದೊಡ್ಡ ಪತ್ರಿಕಾ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ಕೆಲಸ ಎಲ್ಲಿ ಅಚ್ಚಾಯಿತು ಎಂಬುದನ್ನು ನೋಡುವ ನಿಯಮದ ಒಳ್ಳೆಯ ಮುಖ ಇದು.

ಕಪ್ಪು ಜನರ ವಿಷಯದಲ್ಲಿ ಅದೇ ನಿಯಮ ಗೋಡೆಯಾಯಿತು. ಅವರ ಪತ್ರಕರ್ತರಿಗೆ ದೊಡ್ಡ ದಿನಪತ್ರಿಕೆಗಳಲ್ಲಿ ಕೆಲಸವೇ ಸಿಗುತ್ತಿರಲಿಲ್ಲ. ಅವರು ಬರೆಯುತ್ತಿದ್ದುದು ತಮ್ಮದೇ ವಾರಪತ್ರಿಕೆ, ಮಾಸಿಕಗಳಲ್ಲಿ. ಮಾಸಿಕಗಳನ್ನು ಪುಲಿಟ್ಜರ್ ಪರಿಗಣಿಸುತ್ತಲೇ ಇರಲಿಲ್ಲ. ಮೊನೆಟಾ ಸ್ಲೀಟ್ 'ಎಬೊನಿ' ಮಾಸಿಕದ ಫೋಟೋಗ್ರಾಫರ್. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ, ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ ಕೊರೆಟ್ಟಾ ಕಿಂಗ್ ಅವರ ಚಿತ್ರ ತೆಗೆದರು. ಆ ಚಿತ್ರ ಸುದ್ದಿಸಂಸ್ಥೆಯ ಮೂಲಕ ದಿನಪತ್ರಿಕೆಗಳಿಗೂ ಹೋಗಿತ್ತು. ಅದರಿಂದಷ್ಟೇ ಅದು ಸ್ಪರ್ಧೆಗೆ ಅರ್ಹವಾಯಿತು. 1969ರಲ್ಲಿ ಪ್ರಶಸ್ತಿ ಬಂತು. ಪತ್ರಿಕೋದ್ಯಮದ ಪುಲಿಟ್ಜರ್ ಗೆದ್ದ ಮೊದಲ ಕಪ್ಪು ವ್ಯಕ್ತಿ ಸ್ಲೀಟ್. ಮೊದಲ ಪ್ರಶಸ್ತಿಯಾಗಿ 52 ವರ್ಷ ಕಳೆದಿತ್ತು.

ಐಡಾ ಬಿ. ವೆಲ್ಸ್ ಅವರ ಕಥೆ ಇನ್ನೂ ನೋವಿನದು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದುದನ್ನು ಊರೂರು ಸುತ್ತಿ ದಾಖಲಿಸಿದವರು. 1892ರಲ್ಲಿ ಮೆಂಫಿಸ್‌ನಲ್ಲಿದ್ದ ಅವರ ಪತ್ರಿಕಾ ಕಚೇರಿಯನ್ನೇ ಧ್ವಂಸ ಮಾಡಿದರು. 1931ರಲ್ಲಿ ತೀರಿಕೊಂಡ ಅವರಿಗೆ ಪುಲಿಟ್ಜರ್ ಮಂಡಳಿ ವಿಶೇಷ ಗೌರವ ಕೊಟ್ಟದ್ದು 2020ರಲ್ಲಿ.

ಬರಬೇಕಾದವರಿಗೆ ತಡವಾಯಿತು, ಬರಬಾರದವರು ಒಳಗೆ ಬಂದದ್ದೂ ಇದೆ. 1932ರ ಪ್ರಶಸ್ತಿ 'ನ್ಯೂಯಾರ್ಕ್ ಟೈಮ್ಸ್'ನ ವಾಲ್ಟರ್ ಡ್ಯುರಾಂಟಿಗೆ, ಸೋವಿಯತ್ ದೇಶದಿಂದ ಕಳಿಸಿದ ವರದಿಗಳಿಗಾಗಿ. ಅದರ ಬೆನ್ನಿಗೇ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಂಥ ಕ್ಷಾಮ ಇಲ್ಲ ಎಂದು ಆತ ಬರೆದ. ಪ್ರಶಸ್ತಿ ವಾಪಸ್ ಪಡೆಯಿರಿ ಎಂದು ಉಕ್ರೇನ್ ಮೂಲದವರು ದಶಕಗಳ ಕಾಲ ಕೇಳಿದರು. 2003ರಲ್ಲಿ ಮಂಡಳಿ ಮತ್ತೆ ಪರಿಶೀಲಿಸಿತು. ಪ್ರಶಸ್ತಿ ಕೊಟ್ಟದ್ದು 1931ರ ವರದಿಗಳಿಗೆ, ಅವುಗಳಲ್ಲಿ ಬೇಕೆಂದೇ ಮೋಸ ಮಾಡಿದ್ದಕ್ಕೆ ಸ್ಪಷ್ಟ ಪುರಾವೆ ಇಲ್ಲ ಎಂದು ಹೇಳಿ ಹಾಗೇ ಬಿಟ್ಟಿತು. ನಿಯಮದ ಪ್ರಕಾರ ಆ ತೀರ್ಮಾನ ಸರಿಯೇ ಇರಬಹುದು. ಆದರೆ ಸತ್ತವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಆ ಉತ್ತರ ಸಾಕಾಗುವುದಿಲ್ಲ, ಅಲ್ವಾ?

ಜಾನೆಟ್ ಕುಕ್ ಪ್ರಕರಣ ಬೇಗ ಬಯಲಾಯಿತು. ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಕುರಿತು 1980ರಲ್ಲಿ 'ವಾಷಿಂಗ್ಟನ್ ಪೋಸ್ಟ್'ನ ಮುಖಪುಟದಲ್ಲಿ ಅವರ ವರದಿ ಬಂತು. ಪೊಲೀಸರು ಹುಡುಕಿದರೂ ಹುಡುಗ ಸಿಗಲಿಲ್ಲ. ಪತ್ರಿಕೆ ವರದಿಯನ್ನು ಸಮರ್ಥಿಸಿಕೊಂಡಿತು. 1981ರ ಏಪ್ರಿಲ್‌ನಲ್ಲಿ ಪುಲಿಟ್ಜರ್ ಬಂದಾಗ, ಕುಕ್ ಹಿಂದೆ ಕೆಲಸ ಮಾಡಿದ್ದ ಪತ್ರಿಕೆಯವರಿಗೆ ಅವರ ಓದಿನ ವಿವರಗಳು ತಾಳೆಯಾಗುತ್ತಿಲ್ಲ ಎಂದು ಅನಿಸಿತು. ಅಲ್ಲಿಂದ ಎಳೆ ಬಿಚ್ಚಿಕೊಂಡಿತು. ಹುಡುಗ ಇರಲೇ ಇಲ್ಲ. ಕೆಲವೇ ದಿನಗಳಲ್ಲಿ ಪ್ರಶಸ್ತಿ ವಾಪಸಾಯಿತು.

ಅದೇ 'ಪೋಸ್ಟ್' ಎಂಟು ವರ್ಷ ಹಿಂದೆ, ಅಧ್ಯಕ್ಷ ನಿಕ್ಸನ್ ಕಡೆಯವರು ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಹಗರಣದ ವರದಿಗಳಿಗೆ ಸಾರ್ವಜನಿಕ ಸೇವೆಯ ಪದಕ ಗೆದ್ದಿತ್ತು. ಆಗ ತೀರ್ಪುಗಾರರು ಮುಂದಿಟ್ಟಿದ್ದು ಬೇರೆ ಪತ್ರಿಕೆಗಳನ್ನು. ನಿಕ್ಸನ್ ಸರ್ಕಾರದ ಸುಳ್ಳುಗಳು ಅಷ್ಟರಲ್ಲಿ ಬಯಲಾಗತೊಡಗಿದ್ದವು. ಮಂಡಳಿ ಪಟ್ಟಿಯನ್ನು ಬದಲಿಸಿತು. ಒಂದು ವರ್ಷ ಮೊದಲು, 1972ರಲ್ಲಿ, ವಿಯೆಟ್ನಾಂ ಯುದ್ಧದ ಗುಪ್ತ ದಾಖಲೆಗಳನ್ನು ಪ್ರಕಟಿಸಿದ್ದಕ್ಕೆ 'ನ್ಯೂಯಾರ್ಕ್ ಟೈಮ್ಸ್'ಗೆ ಪದಕ ಬಂದಿತ್ತು. ಮಂಡಳಿಯ ಆಯ್ಕೆಗೆ ಆಗ ಒಪ್ಪಿಗೆ ಕೊಡಬೇಕಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಟ್ರಸ್ಟಿಗಳು ತಮಗೆ ಇದು ಇಷ್ಟವಿಲ್ಲ ಎಂದು ಬಹಿರಂಗವಾಗಿ ಹೇಳಿದರು, ಆದರೂ ತಡೆಯಲಿಲ್ಲ. 1975ರಲ್ಲಿ ಟ್ರಸ್ಟಿಗಳು ಒಪ್ಪಿಗೆ ಕೊಡುವ ಪದ್ಧತಿಯಿಂದಲೇ ಹಿಂದೆ ಸರಿದರು.

ಇಂಟರ್ನೆಟ್ ಬಂದ ಮೇಲೆ ಬಾಗಿಲು ಇಷ್ಟಿಷ್ಟಾಗಿ ತೆರೆಯಿತು. ವೆಬ್‌ನಲ್ಲಿ ಮಾತ್ರ ಇರುವ ಸುದ್ದಿತಾಣಗಳಿಗೆ 2009ರ ಪ್ರಶಸ್ತಿಗಳಿಂದ ಅವಕಾಶ ಸಿಕ್ಕಿತು. ಮರುವರ್ಷವೇ 'ಪ್ರೊಪಬ್ಲಿಕಾ' ಗೆದ್ದಿತು. ನಿಯತಕಾಲಿಕಗಳಿಗೆ ಅವಕಾಶ ಶುರುವಾಗಿದ್ದು 2015ರಲ್ಲಿ. ಸ್ಲೀಟ್ ಕಾಲದ ಗೋಡೆ ಅಲ್ಲಿಯವರೆಗೂ ನಿಂತಿತ್ತು. ಧ್ವನಿ ವರದಿಗೆ ವಿಭಾಗ ಬಂದದ್ದು 2020ರಲ್ಲಿ. 2021ರಲ್ಲಿ ಭಾರತೀಯ ಮೂಲದ ಮೇಘಾ ರಾಜಗೋಪಾಲನ್ ಮತ್ತು ಇಬ್ಬರು ಸಹೋದ್ಯೋಗಿಗಳು 'ಬಝ್‌ಫೀಡ್ ನ್ಯೂಸ್'ಗಾಗಿ ಉಪಗ್ರಹ ಚಿತ್ರಗಳನ್ನು ಜೋಡಿಸಿ ಚೀನಾದ ಶಿನ್‌ಜಿಯಾಂಗ್‌ನ ಬಂಧನ ಕೇಂದ್ರಗಳನ್ನು ತೋರಿಸಿಕೊಟ್ಟು ಗೆದ್ದರು. ಅದೇ ವರ್ಷ ಡಾರ್ನೆಲ್ಲಾ ಫ್ರೇಜಿಯರ್‌ಗೆ ವಿಶೇಷ ಗೌರವ. ಜಾರ್ಜ್ ಫ್ಲಾಯ್ಡ್ ಕೊಲೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದಾಗ ಆಕೆಗೆ 17 ವರ್ಷ. ಯಾವ ಪತ್ರಿಕೆಯವಳೂ ಅಲ್ಲ.

2022ರಲ್ಲಿ ಭಾರತದ ಕೋವಿಡ್ ಚಿತ್ರಗಳಿಗೆ ರಾಯ್ಟರ್ಸ್‌ನ ಅದ್ನಾನ್ ಅಬಿದಿ, ಸನ್ನಾ ಇರ್ಷಾದ್ ಮಟ್ಟೂ, ಅಮಿತ್ ದವೆ ಮತ್ತು ಡ್ಯಾನಿಶ್ ಸಿದ್ದೀಕಿ ಗೆದ್ದರು. ಡ್ಯಾನಿಶ್ ಆಗ ಬದುಕಿರಲಿಲ್ಲ. 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಕೆಲಸದ ಮೇಲಿದ್ದಾಗ ಹತರಾಗಿದ್ದರು. ಪ್ರಶಸ್ತಿ ತೆಗೆದುಕೊಳ್ಳಲು ನ್ಯೂಯಾರ್ಕಿಗೆ ಹೊರಟ ಸನ್ನಾ ಅವರನ್ನು 2022ರ ಅಕ್ಟೋಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲೇ ತಡೆದರು. ವೀಸಾ ಇತ್ತು, ಟಿಕೆಟ್ ಇತ್ತು. ಒಬ್ಬ ಪತ್ರಕರ್ತೆಗೆ ತನ್ನ ದೇಶ ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳಬೇಕಿತ್ತು.

ಈಗಲೂ ಹೊರಗೆ ಉಳಿದವರಿದ್ದಾರೆ. ಬೆಂಗಳೂರಿನಲ್ಲೋ ಗಾಜಾದಲ್ಲೋ ತಮ್ಮ ಭಾಷೆಯ ಓದುಗರಿಗಾಗಿ, ತಮ್ಮೂರಿನ ಪತ್ರಿಕೆಗೆ ಬರೆಯುವವರು ಈ ಸ್ಪರ್ಧೆಯಲ್ಲಿ ಇಲ್ಲ. ರಾಷ್ಟ್ರೀಯ ಪ್ರಶಸ್ತಿಗೆ ಎಲ್ಲೋ ಒಂದು ಗಡಿ ಬೇಕು ಎಂಬುದೂ ನಿಜ. ಆದರೆ ಯುದ್ಧದ ಸುದ್ದಿ ಜಗತ್ತಿಗೆ ತಲುಪುವುದು ಹೆಚ್ಚಾಗಿ ಅಲ್ಲಿನ ಸ್ಥಳೀಯ ವರದಿಗಾರರಿಂದಲೇ. ಹಾಗಾಗಿ ಮಂಡಳಿ ಮಾಮೂಲಿ ವಿಭಾಗಗಳನ್ನು ಬಿಟ್ಟು ಪಕ್ಕದ ದಾರಿ ಹಿಡಿದಿದೆ. 2022ರಲ್ಲಿ ಉಕ್ರೇನಿನ ಪತ್ರಕರ್ತರಿಗೆ, 2024ರಲ್ಲಿ ಗಾಜಾ ಯುದ್ಧವನ್ನು ವರದಿ ಮಾಡುತ್ತಿದ್ದ ಪತ್ರಕರ್ತರು ಮತ್ತು ಮಾಧ್ಯಮ ಕೆಲಸಗಾರರಿಗೆ ವಿಶೇಷ ಗೌರವ ಕೊಟ್ಟಿತು. ಎರಡೂ ಸಲ ಯಾರ ಹೆಸರನ್ನೂ ಹೇಳಲಿಲ್ಲ.