ಸೀಟಿಗೆ ಸೋತು ಮತ್ತೆ ಬಂದ ಮರದ ರ್ಯಾಟಲ್

ಇಂಗ್ಲೆಂಡಿನ ಹಳೆ ಸಾಮಾನುಗಳ ಮಾರಾಟದಲ್ಲಿ 'ವಿಕ್ಟೋರಿಯಾ ಕಾಲದ ಪೊಲೀಸ್ ರ್ಯಾಟಲ್' ಅನ್ನೋ ಚೀಟಿ ಆಗಾಗ ಕಣ್ಣಿಗೆ ಬೀಳುತ್ತದೆ. ರ್ಯಾಟಲ್ ಅಂದರೆ ಕೈಯಲ್ಲಿ ಹಿಡಿದು ತಿರುಗಿಸಿ ಸದ್ದು ಮಾಡುವ ಮರದ ಸಾಮಾನು. ನೋಡೋಕೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಅದರಲ್ಲಿ ಪೊಲೀಸರದ್ದು ಇರಬಹುದು, ಯುದ್ಧದ್ದು ಇರಬಹುದು, ಹೊಲದಲ್ಲಿ ಹಕ್ಕಿ ಓಡಿಸೋಕೆ ಇಟ್ಟುಕೊಂಡಿದ್ದೂ ಇರಬಹುದು. ಎಲ್ಲಕ್ಕೂ ಒಂದೇ ಚೀಟಿ ಅಂಟಿಸಿದರೆ ಯಾವುದು ಯಾರ ಕೈಯಲ್ಲಿತ್ತು ಅನ್ನೋದೇ ಕಳೆದುಹೋಗುತ್ತದೆ.

ನಮ್ಮ ಜಾತ್ರೆಗಳಲ್ಲಿ ಮಕ್ಕಳು ಗಿರ್ರನೆ ತಿರುಗಿಸಿ ಕಟಕಟ ಸದ್ದು ಮಾಡುತ್ತಾರಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ. ಹಿಡಿಯ ಮೇಲೆ ಹಲ್ಲಿನ ಚಕ್ರ. ಅದರ ಸುತ್ತ ತಿರುಗುವ ಮರದ ಚೌಕಟ್ಟು. ಚೌಕಟ್ಟಿಗೆ ಸಿಕ್ಕಿಸಿದ ತೆಳು ಮರದ ಪಟ್ಟಿಯ ತುದಿ ಚಕ್ರಕ್ಕೆ ಒತ್ತಿಕೊಂಡಿರುತ್ತದೆ. ಕೈ ಬೀಸಿದರೆ ಪಟ್ಟಿ ಒಂದು ಹಲ್ಲು ಹತ್ತಿ ಮುಂದಿನ ಸಂದಿಗೆ ಟಪ್ ಅಂತ ಬೀಳುತ್ತದೆ, ಇದೇ ಬಿಡುವಿಲ್ಲದೆ ನಡೆದಾಗ ಕಿವಿ ಗಡಚಿಕ್ಕುವ ಸದ್ದು.

1658ರಲ್ಲೇ ಇಂದಿನ ನ್ಯೂಯಾರ್ಕ್‌ನಲ್ಲಿ, ಅಂದರೆ ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ರಾತ್ರಿ ಕಾವಲಿಗೆ ರ್ಯಾಟಲ್ ಹಿಡಿದ 8 ಜನರಿದ್ದರು. ಲಂಡನ್ನಿನ ಕಾವಲುಗಾರರ ಬಳಿಯೂ ಇತ್ತು. 1829ರಲ್ಲಿ ಅಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಶುರುವಾದಾಗ ಅದೇ ರ್ಯಾಟಲ್ ಕೋಟಿನ ಹಿಂದಿನ ಜೇಬಿಗೆ ಸೇರಿತು. ಭಾರ ಜಾಸ್ತಿ. ಕೆಲವಕ್ಕೆ ಸೀಸವನ್ನೂ ಹಾಕಿರುತ್ತಿದ್ದರು, ಬೇಕಾದರೆ ಹೊಡೆಯೋಕೂ ಆಗುತ್ತಿತ್ತು. 1880ರ ದಶಕದ ಮಧ್ಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ಹಡ್ಸನ್ ಕಂಪನಿಯ ಸೀಟಿ ಬಂತು. ಹಗುರ, ಬೆರಳುದ್ದ, ಸದ್ದು ತುಂಬಾ ದೂರ ಹೋಗುತ್ತದೆ. ರ್ಯಾಟಲ್‌ನ ಕಾಲ ಮುಗಿಯಿತು ಅಂತಲೇ ಅನ್ನಿಸಿರಬೇಕು.

ಮುಗಿಯಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಕ್ಲೋರಿನ್ ಅನ್ನೋ ವಿಷಗಾಳಿ ಸೈನಿಕರ ಕಂದಕಗಳ ಮೇಲೆ ತೇಲಿಬಂತು. ನಾಲ್ಕು ದಿನದ ನಂತರ ಅದೇ ಜಾಗದಲ್ಲಿ ದಾಳಿಗೆ ಇಳಿದ ಭಾರತೀಯ ಸೈನಿಕರೂ ಆ ವಿಷ ಕುಡಿದರು. ವಿಷಗಾಳಿ ಬಂತು ಅಂತ ಕೂಗಿ ಹೇಳಲು ಸಮಯವೇ ಇರುವುದಿಲ್ಲ, ಅದೂ ರಾತ್ರಿ, ಅದೂ ಎಲ್ಲರೂ ಮಲಗಿರುವಾಗ. ಮುಂದೆ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಮುಖವಾಡದಲ್ಲಿ ರಬ್ಬರ್ ನಳಿಗೆಯನ್ನು ಹಲ್ಲಿನಲ್ಲಿ ಕಚ್ಚಿ, ಮೂಗಿಗೆ ಕ್ಲಿಪ್ ಹಾಕಿ ಉಸಿರಾಡಬೇಕಿತ್ತು. ಬಾಯಿಯೇ ಬಂದ್ ಆದಮೇಲೆ ಸೀಟಿ ಊದೋದು ಹೇಗೆ? ಫಿರಂಗಿ ಗುಂಡುಗಳ ಖಾಲಿ ಶೆಲ್ಲುಗಳನ್ನು ನೇತುಹಾಕಿ ಬಡಿದರು, ಗಂಟೆ ಬಾರಿಸಿದರು, ಜೊತೆಗೆ ರ್ಯಾಟಲ್ ಮತ್ತೆ ಕೈಗೆ ಬಂತು. ಅದಕ್ಕೆ ಬೇಕಾಗಿದ್ದು ಒಂದು ತೋಳಿನ ಬಲ ಅಷ್ಟೇ. ಈ ವಸ್ತುವಿನ ಇಡೀ ಚರಿತ್ರೆಯಲ್ಲಿ ನನ್ನನ್ನು ಜಾಸ್ತಿ ಕಾಡುವ ಭಾಗ ಇದೇ, ಚೀಟಿಗಳಲ್ಲಿ ಮೊದಲು ಬಿಟ್ಟುಹೋಗೋದೂ ಇದೇ.

ಎರಡನೇ ಮಹಾಯುದ್ಧದ ಹೊತ್ತಿಗೆ ವಿಷಗಾಳಿಯ ಭಯ ಮನೆಮನೆಗೆ ಬಂದಿತ್ತು. 1938ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 3.8 ಕೋಟಿ ಮುಖವಾಡ ಹಂಚಿದರು. ವಾಯುದಾಳಿ ಕಾವಲಿನ ವಾರ್ಡನ್‌ಗಳಿಗೆ ರ್ಯಾಟಲ್ ಕೊಟ್ಟರು. ಅದು ತಿರುಗಿದರೆ ವಿಷಗಾಳಿ ಬಂದಿದೆ ಅಂತ, ಕೈಗಂಟೆ ಬಾರಿಸಿದರೆ ಅಪಾಯ ಹೋಯಿತು ಅಂತ. ಬಾಂಬುಗಳು ಬಿದ್ದವು, ವಿಷಗಾಳಿ ಮಾತ್ರ ಬರಲೇ ಇಲ್ಲ. ಅಷ್ಟೊಂದು ರ್ಯಾಟಲ್‌ಗಳು ನಿಜವಾದ ಅಪಾಯಕ್ಕೆ ಒಮ್ಮೆಯೂ ತಿರುಗದೆ ಉಳಿದವು. ಎಷ್ಟು ಒಳ್ಳೆಯದಾಯಿತು ಅಲ್ವಾ?

ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಬೇಕಾದಷ್ಟು ಫುಟ್‌ಬಾಲ್ ಮೈದಾನಕ್ಕೆ ಹೋದವು. ಜನ ತಮ್ಮ ತಂಡದ ಬಣ್ಣ ಬಳಿದು ಶನಿವಾರದ ಪಂದ್ಯಗಳಲ್ಲಿ ತಿರುಗಿಸಿದರು. ಆಮೇಲೆ ಮೈದಾನಗಳಲ್ಲಿ ಗಲಾಟೆ ಹೆಚ್ಚಿದಾಗ ಗಟ್ಟಿ ಮರದ ಸಾಮಾನು ಒಳಗೆ ಬಿಡೋದು ನಿಂತಿತು.

ಅಂಥ ಬಣ್ಣದ ರ್ಯಾಟಲ್ ನಿಮಗೆ ಎಲ್ಲಾದರೂ ಸಿಕ್ಕರೆ ಹಳೆ ಮರ ಕಾಣಲಿ ಅಂತ ಸುಮ್ನೆ ಉಜ್ಜಿಸಬೇಡಿ. ಕೆಂಪೋ ನೀಲಿಯೋ, ಹಾಗೇ ಇಟ್ಟುಕೊಳ್ಳಿ. ಚೀಟಿಯಲ್ಲಿ 'ಪೊಲೀಸ್' ಅಂತ ಬರೆದಿದ್ದರೆ ಅದು ಯಾರ ಮನೆಯಿಂದ ಬಂತು ಅಂತ ಮಾರುವವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದು ಅದರ ಜೊತೆಗೇ ಇಡಿ.